ಬೂದಿಗೆರೆಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ನಮ್ಮ ಬೂದಿಗೆರೆ ಕಡೆ ಯಾರನ್ನಾದರೂ "ಆ ಊರು ಎಷ್ಟು ದೂರ?" ಅಂತ ಕೇಳಿ ನೋಡಿ. ಕಿಲೋಮೀಟರ್ ಲೆಕ್ಕ ಹೇಳುವವರು ಕಡಿಮೆ. "ಬೆಳಗ್ಗೆ ಬಸ್ ಹತ್ತಿದ್ರೆ ಊಟದ ಹೊತ್ತಿಗೆ ಹೋಗ್ಬಹುದು" ಅನ್ನುತ್ತಾರೆ. ದೂರವನ್ನು ಹೊತ್ತಿನಲ್ಲಿ ಅಳೆಯುವುದು ಹಳೇ ರೂಢಿ. ವಿಮಾನಗಳ ಇತಿಹಾಸ ಓದಿದರೆ ಅದೇ ಸರಿಯಾದ ಅಳತೆ ಅನ್ನಿಸುತ್ತದೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ವಿಮಾನ ಹಾರಿಸಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಆ ಚೀಲಗಳನ್ನು ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. 1946ರಲ್ಲಿ ಡೆಕ್ಕನ್ ಏರ್‌ವೇಸ್ ಹೈದರಾಬಾದಿನಿಂದ ಬೆಂಗಳೂರಿಗೆ ಹಾರಾಟ ಶುರು ಮಾಡಿತು. ಆಗಿನ ನಿಲ್ದಾಣ ಎಚ್ಎಎಲ್. 2008ರ ಮೇ 24ಕ್ಕೆ ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂತು. ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಸೀಮೆಯ ನೆತ್ತಿ ಮೇಲೆ ಹಗಲು ರಾತ್ರಿ ವಿಮಾನ.

ಈಗ ಅಸಲು ಲೆಕ್ಕಕ್ಕೆ ಬರೋಣ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿ.ಮೀ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹೋದರೆ 7,400 ಮತ್ತು 9,150, ಒಟ್ಟು 16,550 ಕಿ.ಮೀ. ಶಾಲೆಯ ಅಟ್ಲಾಸ್ ನೋಡಿದರೆ ನೇರ ದಾರಿ ಶಾಂತಸಾಗರದ ಮೇಲೆ ಹೋಗಬೇಕು ಅನ್ನಿಸುತ್ತದೆ. ಆದರೆ ಗ್ಲೋಬ್ ತಗೊಂಡು ಎರಡೂ ಊರಿನ ನಡುವೆ ಒಂದು ದಾರ ಬಿಗಿಯಾಗಿ ಎಳೆಯಿರಿ. ಅದು ಚೀನಾ ದಾಟಿ, ಸೈಬೀರಿಯಾದ ಉತ್ತರದ ಅಂಚಿನಲ್ಲಿ ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ! ಗುಂಡಗಿನ ಭೂಮಿಯನ್ನು ಹಾಳೆಯ ಮೇಲೆ ಹಾಸಿದ್ದರ ಫಲ ಇದು :)

ಹಾಗಂತ ಪೈಲಟ್ ದಾರದ ಗೆರೆ ಮೇಲೇ ಹೋಗುವುದಿಲ್ಲ. ಗಾಳಿ ನೋಡುತ್ತಾರೆ, ಯಾವ ದೇಶದ ಆಕಾಶ ತೆರೆದಿದೆ ನೋಡುತ್ತಾರೆ. 2021ರ ಜನವರಿ 9, ಶನಿವಾರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ. ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 17 ಗಂಟೆಯ ನಂತರ ಬೆಂಗಳೂರಿನಲ್ಲಿ ಇಳಿದಾಗ ಸೋಮವಾರದ ನಸುಕು. ಭಾನುವಾರ ಎಲ್ಲಿ ಹೋಯ್ತು? ಚಳಿಗಾಲದಲ್ಲಿ ಎರಡೂ ಊರಿನ ಗಡಿಯಾರಕ್ಕೆ ಹದಿಮೂರೂವರೆ ಗಂಟೆ ಅಂತರ. ಅದೇ ಆ ಕಡೆ ಹೋಗುವಾಗ 16 ಗಂಟೆ ಹಾರಿದರೂ ಗಡಿಯಾರದಲ್ಲಿ ಕಳೆದಿರುವುದು ಎರಡೂವರೆ ಗಂಟೆ.

ಈ ಲೆಕ್ಕವೆಲ್ಲ ಯಾಕೆ ಅಂತೀರಾ? ನಮ್ಮ ಹಳ್ಳಿಗಳಲ್ಲಿ ಸಾವಾದರೆ ಹೊತ್ತು ಮುಳುಗುವ ಮೊದಲು ಮಣ್ಣು ಮಾಡುವುದು ವಾಡಿಕೆ. ಮಗ ಮುಂಬೈಯಲ್ಲಿದ್ದರೆ ಕಾಯುತ್ತಾರೆ, ಬರುತ್ತಾನೆ. ಅಮೆರಿಕದಲ್ಲಿದ್ದರೆ? 17 ಗಂಟೆ ಹಾರಾಟದ್ದು ಮಾತ್ರ. ಟಿಕೆಟ್ ಸಿಗಬೇಕು, ನಿಲ್ದಾಣ ತಲುಪಬೇಕು, ನಡುವೆ ಇಳಿದು ಹತ್ತಬೇಕಾದರೆ ಇನ್ನಷ್ಟು ಹೊತ್ತು. ಐಸ್ ಪೆಟ್ಟಿಗೆ ತರಿಸಿ, ಮನೆ ಮುಂದೆ ಶಾಮಿಯಾನ ಹಾಕಿ, ಇಡೀ ಊರು ಎರಡು ದಿನ ಕಾಯುವುದನ್ನು ನಾನು ನೋಡಿದ್ದೇನೆ. ತಲೆ ಮೇಲೆ ಒಂದೊಂದು ವಿಮಾನ ಇಳಿದಾಗಲೂ ಎಲ್ಲರೂ ಕತ್ತೆತ್ತಿ ನೋಡುತ್ತಾರೆ, "ಇದ್ರಾಗೆ ಬಂದ್ನೇನೋ" ಅಂತ.

ಅಂಚೆ ಚೀಲದಿಂದ ಶುರುವಾದ ತೊಂಬತ್ತಕ್ಕೂ ಹೆಚ್ಚು ವರ್ಷದ ಓಟ ದೂರವನ್ನು ಖಂಡಿತ ಕುಗ್ಗಿಸಿದೆ. ಆದರೆ ಇನ್ನೂ ಒಂದು ಹಗಲಿನೊಳಗೆ ತಂದಿಲ್ಲ. ದೂರ ದೇಶದಲ್ಲಿರುವ ಬ್ಲಾಗಿಗ ಗೆಳೆಯರೇ, ನಿಮ್ಮೂರು ನಿಮಗೆ ಎಷ್ಟು ಹೊತ್ತಿನ ದಾರಿ?