ಕಾವಲಿಗೆ ಗೋಡೆ ಬಂದ ಬಗೆ

ಪರಶುರಾಂಪುರ, ತಳಕು, ನಾಯಕನಹಟ್ಟಿ ಹೋಬಳಿಗಳನ್ನೊಳಗೊಂಡ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. 2007ರಿಂದ ಈಚೆಗೆ ಮೂರ್ನಾಲ್ಕು ವರ್ಷಗಳಲ್ಲಿ ಸರ್ಕಾರ ಇಲ್ಲಿನ ಉಳ್ಳಾರ್ತಿ, ಕುದಾಪುರ, ವರವು ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲನ್ನು ಹಂಚಿಬಿಟ್ಟಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಉಳಿದದ್ದು ಬೇರೆ ಯೋಜನೆಗಳಿಗೆ. ದೊಡ್ಡಉಳ್ಳಾರ್ತಿಯ ಸುತ್ತಲಿನ ಹಳ್ಳಿಗಳವರಲ್ಲಿ ಬಹುಪಾಲು ಜನರಿಗೆ ಸಂಗತಿ ತಿಳಿದದ್ದು ಗೋಡೆ ಏಳತೊಡಗಿದ ಮೇಲೆ. ಅವರು ಬೀದಿಗಿಳಿದಾಗ, ಹಳ್ಳಿಯವರಿಗೆ ವಿಜ್ಞಾನ ಅರ್ಥವಾಗುವುದಿಲ್ಲ ಎಂದುಬಿಡುವುದು ಸುಲಭವಾಗಿತ್ತು. ಕಾವಲಿನ ಚರಿತ್ರೆಯನ್ನು ನೋಡಿದರೆ ಅರ್ಥ ಮಾಡಿಕೊಳ್ಳದೆ ಹೋದವರು ಯಾರು ಎಂಬ ಪ್ರಶ್ನೆ ಎದುರಾಗುತ್ತದೆ. ಇಲ್ಲಿ ಹುಟ್ಟಿದ ಅಪನಂಬಿಕೆ ವಿಜ್ಞಾನದ ಮೇಲಿನದಲ್ಲ. ತನಗೆ ತಿಳಿಯದ ನೆಲವನ್ನು ಪಾಳು ಎಂದು ಕರೆದ ವಿದ್ವತ್ತಿನ ಸೊಕ್ಕಿನ ಮೇಲಿನದು.

ಕಾವಲು ಯಾರೂ ಕಾಣದ ಬಯಲೇನೂ ಆಗಿರಲಿಲ್ಲ. ಹದಿನೇಳನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಯನ್ನು ಹೈದರ್ ಫೌಜಿನ ಸಾಗಣೆಗೆ ಒಗ್ಗಿಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಆ ಎತ್ತುಗಳ ಓಟವನ್ನು ಕಂಡ ಇಂಗ್ಲಿಷರು 1799ರ ನಂತರ ಇಲಾಖೆಯನ್ನು ಕೈಬಿಡಲಿಲ್ಲ. ಮೈಸೂರು ಸಂಸ್ಥಾನದುದ್ದಕ್ಕೂ ಹರಡಿದ್ದ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಕೆರೆಯಂಗಳದ ತೇವ, ಮಧ್ಯಾಹ್ನದ ಬಿಸಿಲಿಗೆ ಮರದ ನೆರಳು ಇದ್ದ ಕಡೆ ಬೇಸಿಗೆಯ ಕಾವಲು. ಒಂದು ಕಾವಲಿನಲ್ಲಿ ದನ ಮೇಯುವಾಗ ಇನ್ನೊಂದರಲ್ಲಿ ಹುಲ್ಲು ಬೀಜ ಕಟ್ಟಿ ಉದುರಬೇಕು, ಮುಂದಿನ ವರ್ಷಕ್ಕೆ ಬೇರು ಉಳಿಯಬೇಕು. ತಳಿಗೆ ಬಿಡಬೇಕಾದ ಹೋರಿ ಯಾವುದು, ಕಸಿ ಮಾಡಬೇಕಾದದ್ದು ಯಾವುದು ಎಂಬುದೂ ತಲೆಮಾರುಗಳ ಎಣಿಕೆಯ ಮೇಲೆಯೇ ನಿಂತಿತ್ತು. ಪ್ರಯೋಗ, ವೀಕ್ಷಣೆ, ತಿದ್ದುಪಡಿ ಇವನ್ನೇ ವಿಜ್ಞಾನ ಎನ್ನುವುದಾದರೆ ಈ ಬಯಲು ಗೋಡೆ ಬರುವುದಕ್ಕೆ ಇನ್ನೂರು ವರ್ಷ ಮೊದಲೇ ಪ್ರಯೋಗಶಾಲೆಯಾಗಿತ್ತು.

ಇದನ್ನು ಕಡೆಗಣಿಸಿ ಪೆಟ್ಟು ತಿಂದದ್ದು ಕೂಡ ಹೊಸದಲ್ಲ. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ಲೆಕ್ಕ ಹಾಕಿ ಅಮೃತಮಹಲ್ ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದ. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗುವುದೇ ಕಷ್ಟವಾಯಿತು. 1866ರ ಸುಮಾರಿಗೆ ಅದೇ ಸರ್ಕಾರ ಚದುರಿಹೋದ ತಳಿಯನ್ನು ಹುಡುಕಿ ಕೂಡಿಸಿ ಮತ್ತೆ ಇಲಾಖೆ ಕಟ್ಟಬೇಕಾಯಿತು. ಕಡತದಲ್ಲಿ ಲಾಭ ಕಾಣಲಿಲ್ಲ ಎಂಬ ಮಾತ್ರಕ್ಕೆ ನೆಲದ ಮೇಲೆ ಏನೂ ನಡೆಯುತ್ತಿಲ್ಲ ಎಂದುಕೊಂಡವರು ಆಗಲೂ ಓದಿದವರೇ, ಬುದ್ಧಿವಂತರೇ.

ನಮ್ಮ ಕಾಲಕ್ಕೆ ಬಂದರೆ, ಫೌಜಿನ ಎತ್ತು ಹೋಯಿತು, ಕಾವಲು ಉಳಿಯಿತು. ಕುರಿಹಟ್ಟಿಗಳು ಅದನ್ನೇ ನೆಚ್ಚಿದವು. ಕುರಿಯ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ, ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಲ್ಲಿ ಬಿಗಿಗೊಳಿಸುತ್ತಾರೆ, ಆಮೇಲೆ ಮಗ್ಗದಲ್ಲಿ ಕಂಬಳಿಯಾಗುತ್ತದೆ. ಈ ಸರಪಳಿಯ ಮೊದಲ ಕೊಂಡಿ ಹುಲ್ಲು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರು ನೊಗ ಕಟ್ಟದೆ ಸಾಕುವ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು ಕೂಡ ಬಯಲು ಮೇವನ್ನೇ ನಂಬಿದವರು. ಇಷ್ಟೆಲ್ಲ ಇದ್ದರೂ ಜಮೀನು ಹಂಚುವಾಗ ಹಳ್ಳಿಗಳ ಅಭಿಪ್ರಾಯ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಊರಿನ ಸಾಮೂಹಿಕ ಜಮೀನುಗಳನ್ನು ಕಾಪಾಡಬೇಕೆಂದು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಹಳ್ಳಿಯವರೂ ಪರಿಸರ ಕಾರ್ಯಕರ್ತರೂ ಚೆನ್ನೈನ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. 2014ರ ಆಗಸ್ಟ್ ತೀರ್ಪು ಯೋಜನೆಗಳನ್ನು ರದ್ದು ಮಾಡಲಿಲ್ಲ, ಷರತ್ತು ಹಾಕಿ ಮುಂದುವರಿಯಲು ಬಿಟ್ಟಿತು.

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದೇ: ಜಮೀನು ಕೊಟ್ಟದ್ದು ಸರ್ಕಾರ, ವಿಜ್ಞಾನಿಗಳನ್ನೇಕೆ ದೂರಬೇಕು? ದೂರಬೇಕು, ಯಾಕೆಂದರೆ ಒಂದು ಹನಿ ದ್ರಾವಣ ಸುರಿಯುವ ಮೊದಲು ಅದರಲ್ಲಿ ಏನಿದೆ ಎಂದು ಕೇಳುವುದು ಅವರ ಕಸುಬು. ಸಾವಿರಾರು ಎಕರೆಯ ಮೇಲೆ ಏನಿದೆ ಎಂದು ಕೇಳದೆ ಪಡೆದುಕೊಂಡದ್ದು ಆ ಕಸುಬಿಗೇ ತಕ್ಕುದಲ್ಲ. ರಕ್ಷಣೆಯ ಕೆಲಸದಲ್ಲಿ ಗುಟ್ಟು ಅನಿವಾರ್ಯ ಎನ್ನುವುದನ್ನೂ ಒಪ್ಪೋಣ. ಆದರೆ ವಿಮಾನದ ವಿನ್ಯಾಸ ಗುಟ್ಟಾಗಿರಲಿ, ದನ ಯಾವ ದಾರಿಯಲ್ಲಿ ನೀರಿಗೆ ಹೋಗಬೇಕು ಎನ್ನುವುದರಲ್ಲಿ ಯಾವ ಗುಟ್ಟಿದೆ? ಅಣುಶಕ್ತಿ ಎಂದೊಡನೆ ಹಳ್ಳಿಗಳಲ್ಲಿ ಹಬ್ಬಿದ ಭಯವನ್ನು ಅಂತೆಕಂತೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ ತಜ್ಞರು ಭರವಸೆಯ ಮೇಲೆ ಭರವಸೆ ಕೊಟ್ಟಿದ್ದರು, 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲೇ ಅದರ ಗುಮ್ಮಟ ಕುಸಿಯಿತು. ಕನ್ನಡಿಗರು ಅದನ್ನು ಮರೆತಿಲ್ಲ. ಇನ್ನು ಕಾವಲನ್ನು ಊರೊಟ್ಟಿನ ಸ್ವರ್ಗವೆಂದು ಹಾಡುವವರಿಗೂ ಒಂದು ಮಾತು: ಅದು ಮೂಲದಲ್ಲಿ ದೊರೆಯ ಸ್ವತ್ತು. ಹಳ್ಳಿಯ ದನ ನುಗ್ಗದಂತೆ ಕಾಯುವುದಕ್ಕೇ ಆಳುಗಳಿದ್ದರು, ಒತ್ತುವರಿಯಲ್ಲಿ ಹಳ್ಳಿಯವರ ಪಾಲೂ ಇದೆ. ಆದರೂ ದೊರೆಗೆ ಹುಲ್ಲಿನ ಬೆಲೆ ಗೊತ್ತಿತ್ತು.

ಸೊಕ್ಕು ವಿಜ್ಞಾನದ ಹುಟ್ಟುಗುಣವಲ್ಲ ಎನ್ನುವುದಕ್ಕೆ ಸಾಕ್ಷಿ ಭಾರತೀಯ ವಿಜ್ಞಾನ ಸಂಸ್ಥೆಯೊಳಗೇ ಇದೆ. 1970ರ ದಶಕದಲ್ಲಿ ಅಲ್ಲಿನ ಮಾಧವ ಗಾಡ್ಗೀಳರು ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಪೂರೈಸುವ ಕಾಡುಗಳಲ್ಲಿ ಅಧ್ಯಯನ ನಡೆಸಿದರು. ಬಿದಿರುಮೆಳೆಯ ಬುಡದ ಮುಳ್ಳನ್ನು ಸವರಿ ಚೊಕ್ಕ ಮಾಡಿದರೆ ಬೆಳೆ ಚೆನ್ನಾಗಿರುತ್ತದೆ ಎಂಬುದು ಅರಣ್ಯಾಧಿಕಾರಿಗಳ ಶಾಸ್ತ್ರ. ಮುಳ್ಳು ತೆಗೆದರೆ ಎಳೆ ಕಳಲೆ ದನಕ್ಕೂ ಮುಳ್ಳುಹಂದಿಗೂ ಬಾಯಿಗೆ ಸಿಗುತ್ತದೆ ಎಂದು ಹಳ್ಳಿಗರು ಹೇಳಿದರು. ಗಾಡ್ಗೀಳರು ಅದನ್ನು ನಗೆಯಾಡದೆ ಅಳೆದು ನೋಡಿದರು. ಹಳ್ಳಿಗರ ಮಾತೇ ನಿಜವಾಯಿತು. ಅದೇ ಸಂಸ್ಥೆ ಮೂವತ್ತು ಚಿಲ್ಲರೆ ವರ್ಷಗಳ ನಂತರ ಕುದಾಪುರಕ್ಕೆ ಬರುವಾಗ ತನ್ನದೇ ಪಾಠವನ್ನು ಜೊತೆಗೆ ತರಲಿಲ್ಲವಲ್ಲ ಎಂಬುದೇ ನನ್ನ ತಕರಾರು.

ಫಲ ಬಂದಿದೆಯಲ್ಲ ಎನ್ನುವವರಿದ್ದಾರೆ. ಬಂದಿದೆ, ಅದು ಸಣ್ಣದೂ ಅಲ್ಲ. ಉಳ್ಳಾರ್ತಿಯ ನೆಲದಲ್ಲಿ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿ ಇಸ್ರೊ ಲ್ಯಾಂಡರ್ ಉಪಕರಣಗಳನ್ನು ಪರೀಕ್ಷಿಸಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಟ್ಟ ಮರುಬಳಕೆಯ ನೌಕೆ ಇಲ್ಲಿನ ರನ್‌ವೇ ಮೇಲೆ ತಾನಾಗಿ ಇಳಿಯಿತು. ಕುದಾಪುರದ ಆವರಣದಲ್ಲಿ ಹಳ್ಳಿ ಶಾಲೆಗಳ ವಿಜ್ಞಾನ ಶಿಕ್ಷಕರು ತರಬೇತಿ ಪಡೆಯುತ್ತಿದ್ದಾರೆ. ಆದರೆ ಇವೆಲ್ಲ ಮೇವಿನ ಪ್ರಶ್ನೆಗೆ ಉತ್ತರವಲ್ಲ. ಕಟ್ಟಡ ಏಳದ ಜಾಗವನ್ನು ಹಳೆಯ ಸರದಿಯಂತೆ ಕುರಿ, ದನಕ್ಕೆ ಬಿಡಬಹುದು. ಎಲ್ಲಿ, ಯಾವ ತಿಂಗಳು, ಎಷ್ಟು ತಲೆ ಎಂಬುದನ್ನು ಕಿಲಾರಿಗಳನ್ನೂ ಕುರಿಗಾಹಿಗಳನ್ನೂ ಕೂಡಿಸಿಕೊಂಡು ತೀರ್ಮಾನಿಸಬಹುದು, ಹುಲ್ಲು ಹೇಗೆ ಚಿಗುರುತ್ತದೆ ಎಂದು ವಿಜ್ಞಾನಿಗಳೇ ಅಳೆಯಬಹುದು. ಇದಕ್ಕೆ ಹೊಸ ಉಪಕರಣವಾಗಲಿ ಹೊಸ ಜಮೀನಾಗಲಿ ಬೇಕಿಲ್ಲ. ಗೇಟು ತೆಗೆಯಲು ಒಂದು ಆದೇಶ ಸಾಕು.