ಐದರಲ್ಲಿ ಒಂದು ಪಾಲು: ಕ್ರೈಸ್ತ ಹೆಣ್ಣುಮಕ್ಕಳ ಜೀವನಾಂಶದ ಕಾನೂನು ಬದಲಾದ ಕಥೆ



ಕಳೆದ ತಿಂಗಳು ನಮ್ಮ ಯುವಜನರ ಸಭೆಯಲ್ಲಿ ವಿವಾಹ ಸಂಸ್ಕಾರದ ಬಗ್ಗೆ ಮಾತು ನಡೆಯುತ್ತಿತ್ತು. ಆಗ ಒಬ್ಬ ತಮ್ಮ ಎದ್ದು ಕೇಳಿದ: "ನಮ್ಮ ಧರ್ಮಸಭೆಯಲ್ಲಿ ವಿಚ್ಛೇದನವೇ ಇಲ್ಲವಲ್ಲ, ಮತ್ತೆ ಜೀವನಾಂಶದ ಕಾನೂನು ನಮಗೆ ಯಾಕೆ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ನಮ್ಮ ವಾರ್ಡಿನ ಹಿರಿಯ ತಾಯಿಯೊಬ್ಬರ ನೆನಪಾಯಿತು. ಗಂಡ ಬಿಟ್ಟುಹೋದ ಮೇಲೆ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕಿದವರು. 1990ರ ದಶಕದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದರು. "ನನಗೆ ಡೈವೋರ್ಸ್ ಬೇಕಿರಲಿಲ್ಲ ಮಗಾ, ಅಕ್ಕಿಗೆ ದುಡ್ಡು ಬೇಕಿತ್ತು" ಎಂದು ಅವರು ಒಮ್ಮೆ ಹೇಳಿದ್ದರು.

ನಾನು ಓದಿದ್ದು ಬಿ.ಎಸ್ಸಿ., ವಕೀಲನಲ್ಲ. ಆದರೂ ಆ ಮಾತಿನ ಹಿಂದಿನ ಚರಿತ್ರೆಯನ್ನು ತಿಳಿಯಬೇಕೆನಿಸಿತು. ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

1869ರ ಕಾನೂನು

ಭಾರತದ ಕ್ರೈಸ್ತರ ವಿಚ್ಛೇದನಕ್ಕೆ ಸಂಬಂಧಿಸಿದ ಕಾಯಿದೆ ಬಂದದ್ದು 1869ರಲ್ಲಿ. ಆಗ ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಂಗ್ಲೆಂಡಿನಲ್ಲಿ 1857ರಲ್ಲಿ ಆದ ಕಾನೂನನ್ನು ನೋಡಿಕೊಂಡು ಬ್ರಿಟಿಷರು ಇದನ್ನು ಬರೆದಿದ್ದರು. ಕಾಯಿದೆಯಲ್ಲಿ ಹೇಳದೆ ಬಿಟ್ಟ ವಿಷಯಗಳಲ್ಲಿ ಇಂಗ್ಲೆಂಡಿನ ಕೋರ್ಟುಗಳ ತತ್ವವನ್ನೇ ಅನುಸರಿಸಬೇಕೆಂದು 7ನೇ ಕಲಮು ಹೇಳುತ್ತಿತ್ತು.

ಇದರ 10ನೇ ಕಲಮಿನಲ್ಲಿ ದೊಡ್ಡ ಅನ್ಯಾಯವಿತ್ತು. ಹೆಂಡತಿ ವ್ಯಭಿಚಾರ ಮಾಡಿದಳೆಂದು ಸಾಬೀತಾದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಕಾಗುತ್ತಿರಲಿಲ್ಲ. ಗಂಡನ ವ್ಯಭಿಚಾರದ ಜೊತೆಗೆ ಅವನ ಕ್ರೌರ್ಯವನ್ನೋ, ಅವನು ಎರಡು ವರ್ಷ ತನ್ನನ್ನು ತೊರೆದದ್ದನ್ನೋ ಅಥವಾ ಅಂಥ ಇನ್ನೊಂದು ತಪ್ಪನ್ನೋ ಅವಳು ತೋರಿಸಬೇಕಿತ್ತು. ಬರೀ ಹೊಡೆತ ಬಡಿತ ಇದ್ದರೆ, ಬರೀ ಬಿಟ್ಟುಹೋಗಿದ್ದರೆ ನ್ಯಾಯಿಕ ಬೇರ್ಪಡೆ ಮಾತ್ರ. ಅಂದರೆ ಬೇರೆ ಇರಬಹುದು, ಆದರೆ ಬಂಧ ಹಾಗೆಯೇ ಉಳಿಯುತ್ತದೆ.

ಇನ್ನು ಜೀವನಾಂಶ. ಕೇಸು ನಡೆಯುವಾಗ ಹೆಂಡತಿಗೆ ಕೊಡುವ ಮಧ್ಯಂತರ ಜೀವನಾಂಶಕ್ಕೆ 36ನೇ ಕಲಮು ಒಂದು ಗೆರೆ ಎಳೆದಿತ್ತು. ಗಂಡನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಆದಾಯದ ಐದರಲ್ಲಿ ಒಂದು ಪಾಲನ್ನು ಅದು ಯಾವ ಕಾರಣಕ್ಕೂ ಮೀರಬಾರದು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಬ್ಬನ ತಿಂಗಳ ಆದಾಯ ಮೊದಲ ವರ್ಷ 8,000, ಎರಡನೇ ವರ್ಷ 10,000, ಮೂರನೇ ವರ್ಷ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಸರಾಸರಿ 10,000. ಅದರ ಐದರಲ್ಲಿ ಒಂದು ಪಾಲು 2,000. ಆದರೆ ಅವನ ಕೈಗೆ ಈಗ ಬರುವುದು 12,000. ಅಂದರೆ ಅವಳಿಗೆ ಸಿಗುವುದು ಹೆಚ್ಚೆಂದರೆ ಈಗಿನ ಆದಾಯದ ಆರರಲ್ಲಿ ಒಂದು ಪಾಲು. ಕೇಸು ಎಷ್ಟು ವರ್ಷ ಎಳೆದರೂ, ಅವಳ ಕಷ್ಟ ಎಷ್ಟಿದ್ದರೂ ನ್ಯಾಯಾಧೀಶರ ಕೈ ಕಟ್ಟಿಹಾಕಿದಂತೆ.

ಕೇಸು ಎಳೆಯುವುದಕ್ಕೂ ಕಾನೂನಿನಲ್ಲೇ ಕಾರಣವಿತ್ತು. ಜಿಲ್ಲಾ ನ್ಯಾಯಾಧೀಶರು ವಿಚ್ಛೇದನ ಕೊಟ್ಟರೂ ಹೈಕೋರ್ಟ್ ಅದನ್ನು ಸ್ಥಿರೀಕರಿಸಬೇಕಿತ್ತು. ನಮ್ಮ ಊರಿನವರಿಗೆ ಮೊದಲು ಅದು ಮದ್ರಾಸ್, 1956ರಲ್ಲಿ ಕೇರಳ ರಾಜ್ಯವಾದ ಮೇಲೆ ಎರ್ನಾಕುಳಂ.

ಇಂಗ್ಲೆಂಡ್ 1923ರಲ್ಲೇ ವ್ಯಭಿಚಾರದ ವಿಷಯದಲ್ಲಿ ಗಂಡ ಹೆಂಡತಿಯರನ್ನು ಸಮಾನ ಮಾಡಿತು. 1937ರಲ್ಲಿ ಕ್ರೌರ್ಯವನ್ನೂ ತೊರೆದುಹೋಗುವುದನ್ನೂ ವಿಚ್ಛೇದನದ ಕಾರಣಗಳಾಗಿ ಸೇರಿಸಿತು. ನಮ್ಮಲ್ಲಿದ್ದ ನಕಲು ಮಾತ್ರ ಬದಲಾಗಲಿಲ್ಲ.

ಬದಲಾವಣೆಯ ದಾರಿ

ಸ್ವಾತಂತ್ರ್ಯದ ನಂತರ ಕಾನೂನು ಆಯೋಗ 1960ರಲ್ಲೇ ಕ್ರೈಸ್ತರ ವಿವಾಹ ಕಾನೂನಿನ ಬಗ್ಗೆ ವರದಿ ಕೊಟ್ಟಿತು. ಸಂಸತ್ತಿಗೆ ಮಸೂದೆಯೂ ಬಂತು, ಆದರೆ ಕಾನೂನಾಗಲಿಲ್ಲ. 1983ರಲ್ಲಿ ಆಯೋಗ ಮತ್ತೆ ವರದಿ ಬರೆಯಿತು, 1998ರಲ್ಲಿ ಮತ್ತೊಂದು. ಸಂಸತ್ತು ಸುಮ್ಮನಿದ್ದಾಗ ಹೆಣ್ಣುಮಕ್ಕಳೇ ಕೋರ್ಟಿಗೆ ಹೋದರು. 1995ರಲ್ಲಿ ಕೇರಳ ಹೈಕೋರ್ಟಿನ ಪೂರ್ಣಪೀಠ ಅಮ್ಮಿಣಿ ಮತ್ತು ಮೇರಿ ಸೋನಿಯಾ ಜಕರಿಯಾ ಅವರ ಪ್ರಕರಣಗಳಲ್ಲಿ 10ನೇ ಕಲಮಿನ ಅನ್ಯಾಯದ ಮಾತುಗಳನ್ನು ರದ್ದು ಮಾಡಿತು. ಕ್ರೌರ್ಯ ಅಥವಾ ತೊರೆದುಹೋಗುವುದು ಒಂದೇ ಇದ್ದರೂ ಹೆಂಡತಿ ವಿಚ್ಛೇದನ ಪಡೆಯಬಹುದು ಎಂದಾಯಿತು. 1997ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಇದೇ ದಾರಿಯಲ್ಲಿ ತೀರ್ಪು ಕೊಟ್ಟಿತು.

ನಮ್ಮ ಇಗರ್ಜಿ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು, ನಮ್ಮ ಕೋರ್ಟು ಕೇರಳದ್ದು. ಹಾಗಾಗಿ ಆ ತೀರ್ಪು ನಮ್ಮ ಮನೆಬಾಗಿಲಿಗೇ ಬಂದದ್ದು.

ಕೊನೆಗೆ 2001ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ಕಾಯಿದೆಯನ್ನು ತಿದ್ದಿತು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಬಗೆಯ ಕಾರಣಗಳು ಬಂದವು. ಹೈಕೋರ್ಟಿನ ಸ್ಥಿರೀಕರಣ ಹೋಯಿತು. ಐದರಲ್ಲಿ ಒಂದು ಪಾಲಿನ ಗೆರೆ ಅಳಿಸಿಹೋಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಗಂಡನಿಗೆ ನೋಟೀಸು ಮುಟ್ಟಿದ ದಿನದಿಂದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕೆಂದು ಹೇಳಲಾಯಿತು. ಅದೇ ವರ್ಷ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ತಿಂಗಳಿಗೆ 500 ರೂಪಾಯಿಯ ಮಿತಿಯೂ ಹೋಯಿತು. ವಿಚ್ಛೇದನ ಕೇಳದೆಯೂ ಜೀವನಾಂಶ ಕೇಳಬಹುದಾದ ಕಲಮು ಅದು. ಅಕ್ಕಿಗೆ ದುಡ್ಡು ಬೇಕೆಂದು ಆ ತಾಯಿ ಹೋದದ್ದು ಈ ದಾರಿಯಲ್ಲೇ, ಮಿತಿ ಇನ್ನೂ ಇದ್ದ ಕಾಲದಲ್ಲಿ. 2024ರ ಜುಲೈ 1ರಿಂದ ಅದು ಹೊಸ ಸಂಹಿತೆಯ 144ನೇ ಕಲಮಾಗಿದೆ.

2020ರಲ್ಲಿ ಸುಪ್ರೀಂ ಕೋರ್ಟ್ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಇನ್ನೆರಡು ಮುಖ್ಯ ಮಾತು ಹೇಳಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಜೀವನಾಂಶ ಸಿಗಬೇಕಾದದ್ದು ಅರ್ಜಿ ಹಾಕಿದ ದಿನದಿಂದ. ಗಂಡ ಆದಾಯ ಮುಚ್ಚಿಡುವುದಕ್ಕೂ ದಿನ ಮುಂದೂಡುವುದಕ್ಕೂ ಇದರಿಂದ ತಡೆ ಬಿತ್ತು.

ಎಲ್ಲವೂ ಸರಿಯಾಗಿದೆ ಎಂದಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಕಷ್ಟದಲ್ಲಿರುವ ಗಂಡನೂ ಜೀವನಾಂಶ ಕೇಳಬಹುದು. ನಮ್ಮ ಕಾಯಿದೆ ಈಗಲೂ ಹೆಂಡತಿಯ ಬಗ್ಗೆ ಮಾತ್ರ ಹೇಳುತ್ತದೆ. ಆದೇಶ ಬಂದರೂ ಹಣ ಕೈಗೆ ಬರಲು ಅಲೆದಾಟ ತಪ್ಪಿಲ್ಲ.

ಮತ್ತೆ ಆ ತಮ್ಮನ ಪ್ರಶ್ನೆ

ವಿವಾಹ ಬಿಡಿಸಲಾಗದ ಬಂಧ ಎಂಬ ನಮ್ಮ ವಿಶ್ವಾಸ ಬದಲಾಗಿಲ್ಲ. ಆದರೆ ಕಾನೂನುಬದ್ಧ ಹಕ್ಕುಗಳನ್ನು, ಮಕ್ಕಳ ಪಾಲನೆಯನ್ನು ಕಾಪಾಡಲು ಬೇರೆ ದಾರಿ ಇಲ್ಲದಿದ್ದರೆ ನಾಗರಿಕ ವಿಚ್ಛೇದನವನ್ನು ಸಹಿಸಬಹುದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೇ 2383ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಧರ್ಮಸಭೆಯ ನ್ಯಾಯಮಂಡಳಿ ಮದುವೆಯನ್ನು ಅನೂರ್ಜಿತ ಎಂದು ಘೋಷಿಸುವಾಗಲೂ, ಪರಸ್ಪರರ ಮತ್ತು ಮಕ್ಕಳ ಬಗೆಗಿನ ಹೊಣೆಯನ್ನು ಇಬ್ಬರಿಗೂ ನೆನಪಿಸಬೇಕೆಂಬ ನಿಯಮವಿದೆ. ಆ ಘೋಷಣೆಯಿಂದ ಸರಕಾರದ ಕಾನೂನಿನಲ್ಲಿ ಮದುವೆ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2017ರಲ್ಲಿ ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಅವರ ಅರ್ಜಿಯನ್ನು ತಳ್ಳಿಹಾಕುವಾಗಲೂ ಅದೇ ನಿಲುವು ತಾಳಿತು. ಆದ್ದರಿಂದ ಎರಡು ಬಾಗಿಲನ್ನೂ ತಿಳಿದಿರುವುದು ಒಳ್ಳೆಯದು.

ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಬಂದ ವಿಧವೆಯ ಕಥೆಯನ್ನು ಪ್ರಭು ಯೇಸು ಹೇಳಿದ್ದು ನಮಗೆಲ್ಲ ಗೊತ್ತು. ನಾವದನ್ನು ಪ್ರಾರ್ಥನೆಯ ಪಾಠವಾಗಿ ಕೇಳುತ್ತೇವೆ, ಅದು ಸರಿಯೇ. ಆದರೆ ಆ ಹೆಂಗಸು ಕೇಳಿದ್ದು ನ್ಯಾಯವನ್ನು ಎಂಬುದನ್ನು ಮರೆಯಬಾರದು.

ಹಾಗಾಗಿ ಗೆಳೆಯರೇ, ಒಂದು ವಿನಂತಿ. ನಮ್ಮ ವಾರ್ಡುಗಳಲ್ಲಿ ಗಂಡ ಬಿಟ್ಟುಹೋದ ಅಕ್ಕಂದಿರಿದ್ದರೆ, ಅವರ ಬೆನ್ನ ಹಿಂದೆ ಮಾತಾಡುವುದು ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ ಪ್ರಕಾರ ಯಾವ ಹೆಣ್ಣುಮಗಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಅವರೊಡನೆ ಒಬ್ಬರು ಹೋಗಿ. ಮಲಯಾಳದ ಫಾರ್ಮು ಓದಲು ಬಾರದವರಿಗೆ ಓದಿ ಹೇಳಿ, ತುಂಬಿಸಿಕೊಡಿ. ಯುವಜನರಾದ ನಮ್ಮಿಂದ ಇಷ್ಟು ಖಂಡಿತ ಆಗುತ್ತದೆ.

ದೇವರು ಎಲ್ಲರನ್ನೂ ಆಶೀರ್ವದಿಸಲಿ.