ಆಸ್ಪತ್ರೆಯಲ್ಲೇ ಮನೆ ಮಾಡಿದವರು

ಎಂ.ಡಿ., ಎಂ.ಎಸ್. ಓದುವ ಡಾಕ್ಟರನ್ನು 'ರೆಸಿಡೆಂಟ್' ಅಂತೀವಲ್ಲ, ಅಂದ್ರೆ ನಿವಾಸಿ. ಸುಮ್ಮನೆ ಇಟ್ಟ ಹೆಸರಲ್ಲ ಅದು. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದಾಗ, ತರಬೇತಿಗೆ ಬಂದವರು ನಿಜವಾಗಿಯೂ ಅಲ್ಲೇ ಉಂಡು ಅಲ್ಲೇ ಮಲಗಬೇಕಿತ್ತು. ಮದುವೆ ಮಾತೆತ್ತುವಂತಿರಲಿಲ್ಲ. ಎಷ್ಟು ವರ್ಷ ಅಂದ್ರೆ, ಗುರುಗಳು ಸಾಕು ಅನ್ನೋವರೆಗೆ.

ಸರ್ಜರಿಯಲ್ಲಿ ಈ ಪದ್ಧತಿ ಕಟ್ಟಿದವರು ವಿಲಿಯಂ ಹಾಲ್‌ಸ್ಟೆಡ್. ಕೊಕೇನ್ ಹಾಕಿದರೆ ಕಣ್ಣು ಮರಗಟ್ಟುತ್ತೆ ಅಂತ 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ತೋರಿಸಿದ್ದರು. ಅದನ್ನು ಓದಿದ ಹಾಲ್‌ಸ್ಟೆಡ್ ನ್ಯೂಯಾರ್ಕಿನಲ್ಲಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಚಟಕ್ಕೆ ಬಿದ್ದರು. ಚಿಕಿತ್ಸೆಗೆ ಹೋದರೆ ಮಾರ್ಫಿನ್ ಅಂಟಿಕೊಂಡಿತು. ಅದನ್ನು ಮುಚ್ಚಿಟ್ಟುಕೊಂಡೇ ವರ್ಷಗಟ್ಟಲೆ ಆಪರೇಷನ್ ಮಾಡಿದರು, ಪಾಠ ಹೇಳಿದರು. 1922ರಲ್ಲಿ ತೀರಿಕೊಂಡರು. ಸಹೋದ್ಯೋಗಿ ವಿಲಿಯಂ ಓಸ್ಲರ್ ಗುಟ್ಟಾಗಿ ಬರೆದಿಟ್ಟಿದ್ದ ಟಿಪ್ಪಣಿ ಅಚ್ಚಾಗಿದ್ದು 1969ರಲ್ಲಿ!

ರೆಸಿಡೆಂಟುಗಳ ನಿದ್ದೆಗೆಟ್ಟ ಡ್ಯೂಟಿಗೆ ಆ ಕೊಕೇನೇ ಕಾರಣ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಹಾಲ್‌ಸ್ಟೆಡ್ ಎಷ್ಟೋ ಸಲ ಆಸ್ಪತ್ರೆಗೇ ಬರ್ತಿರಲಿಲ್ಲ, ಬೇಸಿಗೆಯಲ್ಲಂತೂ ಉದ್ದನೆಯ ರಜೆ. ರಾತ್ರಿ ಎಚ್ಚರ ಇರ್ತಿದ್ದದ್ದು ಶಿಷ್ಯರು. ನನ್ನನ್ನು ಕಾಡೋದು ಬೇರೆ: ಕಾಯಿಲೆ ಬಚ್ಚಿಟ್ಟುಕೊಂಡು ಕೆಲಸ ಮಾಡೋದು ಈ ಮನೆಯ ಪಾಯದಲ್ಲೇ ಇತ್ತು.

ದುಡಿಮೆಗೆ ಮಿತಿ ಬರಲು ಒಂದು ಸಾವೇ ಬೇಕಾಯ್ತು. 1984ರ ಮಾರ್ಚ್‌ನಲ್ಲಿ ಜ್ವರ ಅಂತ ನ್ಯೂಯಾರ್ಕಿನ ಆಸ್ಪತ್ರೆಗೆ ಸೇರಿದ 18 ವರ್ಷದ ಲಿಬಿ ಝಯನ್ ಬೆಳಗಾಗುವಷ್ಟರಲ್ಲಿ ಇರಲಿಲ್ಲ. ರಾತ್ರಿ ನೋಡಿಕೊಂಡವರು ತರಬೇತಿಯಲ್ಲಿದ್ದ ಡಾಕ್ಟರುಗಳು. ಅವರಲ್ಲಿ ಒಬ್ಬ ಇಂಟರ್ನ್ ಕೈಯಲ್ಲೇ ಸುಮಾರು 40 ರೋಗಿಗಳು. ತಂದೆ ಸಿಡ್ನಿ ಝಯನ್ ಪತ್ರಕರ್ತ, ಸುಮ್ಮನೆ ಬಿಡಲಿಲ್ಲ. 1986ರಲ್ಲಿ ಗ್ರ್ಯಾಂಡ್ ಜ್ಯೂರಿ ಡಾಕ್ಟರುಗಳ ಮೇಲೆ ಕ್ರಿಮಿನಲ್ ಆರೋಪ ಹೊರಿಸಲಿಲ್ಲ, ತರಬೇತಿ ಪದ್ಧತಿಯನ್ನೇ ತರಾಟೆಗೆ ತಗೊಂಡಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು, 2003ರಲ್ಲಿ ಇಡೀ ಅಮೆರಿಕಕ್ಕೆ ಅದೇ ನಿಯಮ ಬಂತು.

80 ಗಂಟೆ, ಅದೂ ಸುಧಾರಣೆ! ರಿಲೀಸ್ ವಾರದಲ್ಲಿ 60 ಗಂಟೆ ಆದ್ರೆ ನಾವು ಲಿಂಕ್ಡ್‌ಇನ್‌ನಲ್ಲಿ ಗೋಳಾಡ್ತೀವಿ. ಆ ನಿಯಮವೂ ಬಂದದ್ದು ರೋಗಿ ಸತ್ತಳು ಅಂತ, ಡಾಕ್ಟರು ಕುಸಿದರು ಅಂತಲ್ಲ. ಜಗತ್ತಿನ 54 ಅಧ್ಯಯನಗಳನ್ನು, 17,560 ಡಾಕ್ಟರುಗಳ ಲೆಕ್ಕವನ್ನು 2015ರಲ್ಲಿ ಒಟ್ಟು ಹಾಕಿ ನೋಡಿದಾಗ, ತರಬೇತಿಯಲ್ಲಿದ್ದವರ ಪೈಕಿ ಸುಮಾರು ಶೇ. 29 ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣ ಇತ್ತು.

ನಮ್ಮಲ್ಲೂ 1992ರ ಕೇಂದ್ರದ ಆದೇಶವಿದೆ: ರೆಸಿಡೆಂಟುಗಳಿಗೆ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಿ ಸತತ ಡ್ಯೂಟಿ ಇರಬಾರದು. ಎಂ.ಎಸ್. ಓದ್ತಿರೋ ನನ್ನ ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿದೆ, ನಕ್ಕ. 36 ಗಂಟೆ ಡ್ಯೂಟಿ ಮುಗಿಸಿ ಬಂದಿದ್ದ. "ಊಟ ಆಯ್ತೇನೋ?" ಅಂದ್ರೆ "ಯಾವತ್ತಿಂದು ಅಣ್ಣಾ?" ಅಂದ. ಊರಲ್ಲಿ ಚಿಕ್ಕಪ್ಪ ಮಾತ್ರ ಸಿಕ್ಕವರಿಗೆಲ್ಲ "ಮಗ ಆಸ್ಪತ್ರೆ ಬಿಟ್ಟು ಬರೋದೇ ಇಲ್ಲ" ಅಂತ ಹೆಮ್ಮೆಯಿಂದ ಹೇಳ್ಕೊಂಡು ಓಡಾಡ್ತಾರೆ. ನಡುವೆ ಸೀಟು ಬಿಟ್ಟರೆ ಲಕ್ಷಗಟ್ಟಲೆ ದಂಡ ಕಟ್ಟಬೇಕು. ನಿದ್ದೆ ಬರ್ತಿಲ್ಲ, ಏನೂ ಬೇಡ ಅನ್ಸುತ್ತೆ ಅಂದಾಗ, ನಿಮ್ಮಲ್ಲೇ ಸೈಕಿಯಾಟ್ರಿ ಓಪಿಡಿ ಇದೆಯಲ್ಲೋ ಅಂದೆ.

"ಅಲ್ಲಿ ಚೀಟಿ ಬರೆಯೋದು ನನ್ನ ಬ್ಯಾಚಿನವನೇ ಅಣ್ಣಾ," ಅಂದ.